ಪಿಕಪ್ಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು

ಕಡೂರು
12.3.1981

ಪ್ರೀತಿಯ ಮಲ್ಲಿಕಾಂಬಳಿಗೆ ನಿನ್ನ ಅತ್ತೆ ತೀರ್ಥಮ್ಮನ ಮನಸಾರೆ ಆಶೀರ್ವಾದ.

ಹೇಗಿದ್ದೀಯ ತಾಯಿ? ಬೆನ್ನಿನ ಗಾಯ ಒಣಗಿತೆ? ಪುಟ್ಟಿಗೆ ದವಡೆ ಹಲ್ಲು ಬರುವ ಕಾಲ, ಮೈ ಬಿಸಿಯಾದರೆ ಗಾಬರಿಯಾಗಬೇಡ. ಅವಳು ಅಜ್ಜಿ ಎಲ್ಲಿ ಎಂದು ಕೇಳುತ್ತಾಳೋ ಇಲ್ಲವೋ, ಕೇಳುತ್ತಾಳೆ ಎಂದೇ ಬರೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯೋಣವೆಂದರೆ ಸುಳ್ಳಾಗುತ್ತದೆ. ನಿನ್ನ ಗಂಡ ಓಂಕಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಡುಮನೆಯಲ್ಲಿ ಮಲಗಿದ್ದಾನೆ. ನನ್ನ ಎಡಭುಜ ಊದಿಕೊಂಡಿದೆ. ತರೀಕೆರೆಯ ಮೆಕ್ಯಾನಿಕ್ ಬೀರಪ್ಪನ ಬಲಗೈಯಲ್ಲಿ ಮೂರು ಬೆರಳು ಮುರಿದಿವೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಸೊಟ್ಟಗಿದ್ದರೆ ಸಾವಕಾಶವಾಗಿ ಓದಿಕೋ. ಇದನ್ನು ನೀನು ಬಸ್‌ಸ್ಟ್ಯಾಂಡಿನ ಮಾತಿನಲ್ಲಿ ಕೇಳಬಾರದು, ನನ್ನ ಕೈಯಿಂದಲೇ ತಿಳಿಯಬೇಕು.

ತೀರಿಕೊಂಡ ನಿಮ್ಮ ಮಾವನವರು ಮಿಲಿಟರಿ ಹರಾಜಿನಲ್ಲಿ ತಂದ ಆ ಹಳೇ ಪಿಕಪ್ಪು ಪೆಟ್ರೋಲು ಕುಡಿಯುತ್ತದೆ, ಅದಕ್ಕೊಂದು ಡೀಸೆಲ್ ಎಂಜಿನ್ ಕೂರಿಸಿದರೆ ತೆಂಗಿನಕಾಯಿ ಸಾಗಿಸುವ ಬಾಡಿಗೆಯೆಲ್ಲ ತನ್ನದೇ ಎಂದು ಓಂಕಾರ ವರ್ಷದಿಂದ ಜಪಿಸುತ್ತಿದ್ದನಲ್ಲ. ಅದಕ್ಕೇ ತಾನೇ ಅವನು ನಿನ್ನ ಎರಡೆಳೆ ಸರ ಕೇಳಿದ್ದು, ನೀನು ತವರಿನದು ಕೊಡುವುದಿಲ್ಲ ಎಂದದ್ದು. ಫ್ಯಾನ್ ಬೆಲ್ಟಿನಿಂದ ಅವನು ನಿನ್ನನ್ನು ಹೊಡೆಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ‘ಕೊಟ್ಬಿಡೇ, ಸುಮ್ನೆ ಯಾಕೆ ಹೊಡುಸ್ಕಂತೀಯ’ ಎಂದು ನಿನಗೇ ಹೇಳಿದೆ. ಬೆಲ್ಟು ಹಿಡಿದವನಿಗೆ ಒಂದು ಮಾತು ಹೇಳಲಿಲ್ಲ. ಮಾರನೆಯ ದಿನ ನೀನು ಪುಟ್ಟಿಯನ್ನು ಎತ್ತಿಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ನಾನು ನನ್ನ ಕಾಸಿನ ಸರ ಬಿಚ್ಚಿ ಅವನ ಕೈಗೆ ಕೊಟ್ಟೆ. ಆ ಎಂಜಿನ್ ಬಂದದ್ದು ಹಾಗೆ. ನಿನ್ನ ಹತ್ತಿರ ಇದನ್ನು ಮುಚ್ಚಿಡಬಾರದು.

ಯಾವುದೋ ಗುಜರಿಗೆ ಬಿದ್ದಿದ್ದ ಟ್ರಾಕ್ಟರಿನ ಎಂಜಿನ್ ಅದು. ಹಿತ್ತಲಲ್ಲಿ ಮೂರು ಕಂಬ ಕೂಡಿಸಿ ನಿಲ್ಲಿಸಿ, ಚೈನು ತೂಗುಬಿಟ್ಟು, ಬೀರಪ್ಪ ಹಳೆಯದನ್ನು ಎತ್ತಿ ಹೊರಗಿಟ್ಟ. ಹೊಸದನ್ನು ಇಳಿಸಿದರೆ ಎಲ್ಲಿಯೂ ಕೂರದು. ಗೇರ್‌ಬಾಕ್ಸಿಗೂ ಅದಕ್ಕೂ ಹೊಂದಲಿ ಎಂದು ತರೀಕೆರೆಯ ಲೇತಿನವನಲ್ಲಿ ದಪ್ಪ ತಗಡು ಕಡೆಸಿಕೊಂಡು ಬಂದ. ಭಾರಕ್ಕೆ ಮೂತಿ ಕುಸಿಯುತ್ತದೆಂದು ಮುಂದಿನ ಸ್ಪ್ರಿಂಗ್ ಪಟ್ಟಾಗಳಿಗೆ ಇನ್ನೊಂದೊಂದು ಉಕ್ಕಿನ ಎಲೆ ಸೇರಿಸಿದ. ಇಪ್ಪತ್ತು ದಿನ ಹಿಡಿಯಿತು. ಪಾಪ, ಮಾತು ಕಡಿಮೆ ಆ ಮನುಷ್ಯನದು. ಮಧ್ಯಾಹ್ನ ನಾನು ಕೊಟ್ಟ ರೊಟ್ಟಿಯನ್ನು ಕೈತುಂಬ ಗ್ರೀಸಿದೆ ಎಂದು ಎಲೆಯಲ್ಲಿ ಹಿಡಿದು ತಿನ್ನುತ್ತಿದ್ದ. ಮೊದಲ ಸಲ ಅದನ್ನು ಚಾಲೂ ಮಾಡಿದಾಗ ಅಡುಗೆಮನೆಯ ತಟ್ಟೆಗಳೆಲ್ಲ ಗಡಗಡ ನಡುಗಿದವು. ಓಂಕಾರ ಕುಣಿದಾಡಿದ. ಬೀರಪ್ಪ ಮಾತ್ರ ಕೆಳಗೆ ತೂರಿ ನೋಡಿ ಬಂದು, ‘ಅಣ್ಣ, ಎಂಜಿನ್ ಹಿಡ್ಕಳೋ ಬ್ರಾಕೆಟ್ಟಿಗೆ ಬರೀ ಅಲ್ಲೊಂದು ಇಲ್ಲೊಂದು ಟಾಕಿ ಹಾಕಿವ್ನಿ. ಪೂರ್ತಿ ವೆಲ್ಡಿಂಗ್ ಆಗ್ಬೇಕು. ಇನ್ನೆರಡು ದಿನ ಗಾಡಿ ಎತ್ತಬೇಡಿ’ ಎಂದ. ನಾನು ಒಲೆಯ ಮುಂದೆ ಕೂತು ನನ್ನ ಕಿವಿಯಾರೆ ಕೇಳಿದೆ.

ಹೋದ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಓಂಕಾರ ಯಾರಿಗೂ ಹೇಳದೆ ಕಾಯಿ ತುಂಬಿಕೊಂಡು ಹೊರಟ. ಬೀರೂರಿನ ದಾರಿಯಲ್ಲಿ ರೈಲ್ವೆ ಗೇಟಿನ ಹಳ್ಳ ದಾಟುವಾಗ ಬ್ರಾಕೆಟ್ಟು ಕಿತ್ತುಬಂತು. ಎಂಜಿನ್ ಮುಂದಕ್ಕೆ ವಾಲಿ ಫ್ಯಾನು ರೇಡಿಯೇಟರನ್ನು ಕೊರೆದುಹಾಕಿತು. ಏನಾಯಿತೆಂದು ಬಾನೆಟ್ಟು ಎತ್ತಿದವನ ಮೊಣಕೈವರೆಗೆ ಕುದಿಯುವ ನೀರು ಎರಚಿತು. ಗೇಟಿನಲ್ಲಿ ನಿಂತಿದ್ದ ಲಾರಿಯವರು, ಬಸ್ಸಿನವರು ನಕ್ಕರಂತೆ. ಎರಡು ಜೊತೆ ಎತ್ತು ಕಟ್ಟಿ ಪಿಕಪ್ಪನ್ನು ಪೇಟೆಬೀದಿಯಲ್ಲೇ ಎಳೆಸಿಕೊಂಡು ಬಂದ. ಸುಟ್ಟ ನೋವಿಗಿಂತ ಆ ನಗೆಯೇ ಅವನಿಗೆ ಹೆಚ್ಚಾಗಿರಬೇಕು.

ಬೀರಪ್ಪ ವೆಲ್ಡಿಂಗ್ ಮಾಡಿಸಲೆಂದು ಆಗತಾನೆ ಬಂದು ಹಿತ್ತಲಲ್ಲಿ ಕಾಯುತ್ತಿದ್ದ. ಓಂಕಾರ ನೆಟ್ಟಗೆ ಹಿತ್ತಲಿಗೆ ನುಗ್ಗಿದ. ಹಳೇ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುತ್ತಿದ್ದ ಕಬ್ಬಿಣದ ಹ್ಯಾಂಡಲ್ ಗೋಡೆಗೆ ಒರಗಿತ್ತು, ಅದನ್ನು ತೆಗೆದುಕೊಂಡು ಬೀಸಿದ. ಮೊದಲನೆಯದು ಬೀರಪ್ಪನ ಪಕ್ಕೆಗೆ ಬಿತ್ತು. ಎರಡನೆಯದಕ್ಕೆ ಅವನು ತಲೆ ಕಾಯ್ದುಕೊಳ್ಳಲು ಕೈ ಅಡ್ಡ ಹಿಡಿದ. ಬೆರಳು ಮುರಿದ ಸದ್ದು ಒಣಕಡ್ಡಿ ಮುರಿದ ಹಾಗೇ ಇತ್ತು ಮಲ್ಲಿಕಾ, ಈಗಲೂ ಸೌದೆ ಮುರಿಯಲು ನನ್ನ ಕೈ ಬರುವುದಿಲ್ಲ. ಅವನು ನೆಲಕ್ಕೆ ಬಿದ್ದ ಮೇಲೂ ಇವನು ನಿಲ್ಲಿಸಲಿಲ್ಲ. ನಾನು ಓಡಿಹೋಗಿ ನಡುವೆ ಬಿದ್ದೆ. ನನ್ನನ್ನು ನೋಡಿಯೂ ಬೀಸಿದ. ಕಾಣದೆ ಬೀಸಿದನೆಂದು ನೆಂಟರೆಲ್ಲ ಹೇಳುತ್ತಾರೆ. ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು.

ಭುಜಕ್ಕೆ ಬಿದ್ದ ಏಟಿಗೆ ನಾನು ಕುಸಿದೆ. ಸುಟ್ಟ ಕೈಯ ಬೊಬ್ಬೆ ಒಡೆದು ಜಾರಿ, ಅವನ ಕೈಯಿಂದ ಹ್ಯಾಂಡಲ್ ಬಿತ್ತು. ಅವನು ಬೀರಪ್ಪನ ಹೊಟ್ಟೆಗೆ ಒದೆಯತೊಡಗಿದ. ನಾನು ಹ್ಯಾಂಡಲ್ ಎತ್ತಿಕೊಂಡು ಅವನ ಮಂಡಿಗೆ ಹೊಡೆದೆ. ಅದು ಭಯಕ್ಕೆ ಹೊಡೆದದ್ದು. ಅವನು ಕೂತುಬಿಟ್ಟ, ‘ಅವ್ವಾ’ ಎಂದ. ಆಮೇಲೆ ಅದೇ ಜಾಗಕ್ಕೆ ಇನ್ನೊಂದು ಹೊಡೆದೆ. ಅದನ್ನು ತಿಳಿದೇ ಹೊಡೆದೆ. ಹೆತ್ತವಳು ಹೀಗೆ ಬರೆಯಬಾರದೇನೋ, ಆದರೆ ಆ ಹೊತ್ತಿಗೆ ನನ್ನ ಮೈಯಲ್ಲಿ ಮೂವತ್ತು ವರ್ಷ ತಡೆದಿಟ್ಟ ಬಲ ಇತ್ತು. ನಿಮ್ಮ ಮಾವನವರ ಕೈಯಲ್ಲಿ ನಾನು ತಿಂದದ್ದಕ್ಕೆ ಲೆಕ್ಕವಿಲ್ಲ. ಗಂಡಸರ ಮನೆ ಎಂದರೆ ಹೀಗೇ ಎಂದು ನಂಬಿಕೊಂಡು ಈ ಮಗನನ್ನು ಬೆಳೆಸಿದವಳು ನಾನೇ.

ಅಕ್ಕಪಕ್ಕದವರು ಇಬ್ಬರನ್ನೂ ಒಂದೇ ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮೂರು ದಿನ ಬಿಟ್ಟು ನಾನು ಒಂದಿಷ್ಟು ಅಕ್ಕಿ, ಬೆಲ್ಲ ಕಟ್ಟಿಕೊಂಡು ತರೀಕೆರೆಗೆ ಬೀರಪ್ಪನನ್ನು ನೋಡಲು ಹೋದೆ. ಅವನ ಹೆಂಡತಿ ಹುಚ್ಚಮ್ಮ ಹೊಸಿಲು ದಾಟಿಸಲಿಲ್ಲ. ‘ಸ್ಪ್ಯಾನರ್ ಹಿಡಿಯೋ ಕೈ ಅದು. ನೀವು ಅಕ್ಕಿ ತಂದಿದ್ದೀರ’ ಎಂದಳು. ಗಂಟನ್ನು ಹಾಗೇ ವಾಪಸು ತಂದೆ. ಬೀರಪ್ಪ ಒಳಗಿನಿಂದ, ಅಮ್ಮನಿಗೆ ಏನೂ ಅನ್ನಬೇಡ ಎಂದದ್ದು ಕೇಳಿಸಿತು. ಅದೇ ಹೆಚ್ಚು ಚುಚ್ಚಿತು. ಅವರು ಕಂಪ್ಲೇಂಟು ಕೊಟ್ಟರೆ ನಾನೇ ಸಾಕ್ಷಿ ಹೇಳುತ್ತೇನೆಂದು ಬಾಗಿಲಲ್ಲಿ ನಿಂತೇ ಹೇಳಿ ಬಂದಿದ್ದೇನೆ.

ಓಂಕಾರ ಮೊದಲ ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಮೆತ್ತಗಾಗಿದ್ದಾನೆ. ಉಣ್ಣಲು ಕೊಟ್ಟರೆ ಕಣ್ಣೀರು ಹಾಕುತ್ತಾನೆ. ಪುಟ್ಟಿಯ ಗಿಲಕಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾನೆ. ‘ಮಲ್ಲಿಕಾನ ಕರೆಸವ್ವ, ಇನ್ಮೇಲೆ ಕೈ ಎತ್ತಲ್ಲ’ ಎಂದು ಈ ಕಾಗದ, ಲಕೋಟೆಯನ್ನು ಅವನೇ ತರಿಸಿಕೊಟ್ಟ. ನಿನ್ನನ್ನು ಕರೆದು ಬರೆಯುತ್ತಿದ್ದೇನೆಂದೇ ತಿಳಿದಿದ್ದಾನೆ. ಅವನ ಅಳು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದವನು. ನಿಮ್ಮ ಮಾವನವರೂ ಹೊಡೆದ ಮಾರನೆಯ ದಿನ ಹೀಗೇ ಅಳುತ್ತಿದ್ದರು. ಇಷ್ಟು ತಿಳಿದು, ಬರುವುದೋ ಬಿಡುವುದೋ ನೀನೇ ಯೋಚಿಸು. ಅಂದು ಬಾಗಿಲಲ್ಲಿ ನಿಂತು ನೋಡಿದವಳು ಇಂದು ಬುದ್ಧಿ ಹೇಳಬಾರದು. ಅಂದಿನ ಮಾತಿಗೆ ನನ್ನನ್ನು ಕ್ಷಮಿಸು ಎಂದು ಮಾತ್ರ ಕೇಳುತ್ತೇನೆ.

ನಿಮ್ಮ ತಂದೆತಾಯಿಗೆ ನನ್ನ ಶರಣು ತಿಳಿಸು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನೀವಿಬ್ಬರೂ ತಣ್ಣಗಿರಿ.

ಇಂತಿ ನಿನ್ನ ಅತ್ತೆ,
ತೀರ್ಥಮ್ಮ

ಮತ್ತೆ: ಈ ಕೊನೆಯ ಸಾಲುಗಳನ್ನು ಅಂಚೆಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಿದ್ದೆ, ಒಳಗೆ ಓಂಕಾರ ಅವನ ಗೆಳೆಯ ಷಣ್ಮುಖಪ್ಪನಿಗೆ ಹೇಳುತ್ತಿದ್ದ: ‘ಈ ವಾರ ಬರ್ಲಿಲ್ಲಾಂದ್ರೆ ಅವ್ವ ಸೀರಿಯಸ್ ಅಂತ ಟೆಲಿಗ್ರಾಂ ಕೊಡು. ಒಳಕ್ ಬರ್ಲಿ, ಆಮೇಲೆ ನೋಡ್ಕತೀನಿ.’ ಮೇಲೆ ಯೋಚಿಸು ಎಂದು ಬರೆದದ್ದನ್ನು ಹೊಡೆದುಹಾಕಿದೆ ಎಂದು ತಿಳಿ. ಟೆಲಿಗ್ರಾಂ ಬಂದರೆ ನಂಬಬೇಡ, ನಾನು ಚೆನ್ನಾಗಿದ್ದೇನೆ. ನಾನು ಸತ್ತೆನೆಂದು ಬಂದರೂ, ಅದು ನಿಜವೇ ಆಗಿದ್ದರೂ ಬರಬೇಡ. ನನಗೆ ಮಣ್ಣು ಹಾಕಲು ಊರಲ್ಲಿ ನಾಲ್ಕು ಜನ ಸಿಗುತ್ತಾರೆ ತಾಯಿ. ನೀನು ಬರಬೇಡ.