ಬೀಗಿತ್ತಿಯ ಮನೆಯ ಚೀಟಿಗಳು

ತೊಲೂಕಾ,
೨೯ ಅಕ್ಟೋಬರ್ ೧೯೮೬

ಮಗಳೇ ರೊಸೌರಾ,

ಬರೆಯುತ್ತಿರುವವಳು ನಿನ್ನ ತಾಯಿ ಎರ್ಮೆಲಿಂದಾ. ಹೈಸ್ಕೂಲು ಮುಗಿಸಿದವಳು. ಸತ್ತವರ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ ಕೊಳ್ಳುವವರು ಅದರ ಹಣೆಯ ಮೇಲೆ ಸತ್ತವರದೋ ಬದುಕಿರುವ ಪ್ರೀತಿಪಾತ್ರರದೋ ಹೆಸರು ಬರೆಸಲು ಈ ಪೇಟೆಯಲ್ಲಿ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ನಿನ್ನ ಮಗಳು ಹಸಿಂತಾ ಇದನ್ನು ಮರೆತಿರುವುದರಿಂದ ನಿನಗಾದರೂ ನೆನಪಿಸುತ್ತಿದ್ದೇನೆ. ಗ್ವಾದಲಹಾರಾದ ಆಸ್ಪತ್ರೆಯ ಕೆಲಸದಲ್ಲಿ ನಿಂತು ನಿಂತು ಬಂದ ಬೆನ್ನುನೋವು ಇಳಿಯಿತೇ? ಊಟ ಬಿಡಬೇಡ.

ಹಸಿಂತಾ ಆರೋಗ್ಯವಾಗಿದ್ದಾಳೆ. ಆದರೆ ಮನೆಯಲ್ಲಿ ಒಂದಕ್ಷರ ಬರೆಯುವುದಿಲ್ಲ. ಗೆರೆ ಹಾಕಿದ ಪುಸ್ತಕ, ಹೊಸ ಪೆನ್ಸಿಲು ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡೆ; ಸೊಟ್ಟಗಾದದ್ದನ್ನು ಅಳಿಸಿ ಮತ್ತೆ ಬರೆಸಿದೆ. ಅವಳಿಗೆ ಹೊಟ್ಟೆನೋವು ಶುರುವಾಯಿತು. ಆ ಹೊಟ್ಟೆನೋವು ನಿನ್ನ ಅತ್ತೆ ಫಿದೆನ್ಸಿಯಾಳ ಹೊಸಿಲು ದಾಟಿದೊಡನೆ ವಾಸಿಯಾಗುತ್ತದೆ. ಭಾನುವಾರ ಕರೆತರಲು ಹೋಗಿ ನೋಡುತ್ತೇನೆ, ಮನೆ ತುಂಬ ಇವಳು ಬರೆದ ಚೀಟಿಗಳು. ಕೋಳಿಗೂಡಿನ ಮೇಲೆ "ಮೊಟ್ಟೆ ಇಡ್ತಿದೆ, ನೋಡ್ಬೇಡಿ." ಒಳ್ಳೆಯ ಕುರ್ಚಿಯ ಮೇಲೆ "ಇದು ಬೆಕ್ಕಿಗೆ." ನಮ್ಮ ಬೀಗಿತ್ತಿ ಆ ಕುರ್ಚಿ ಬಿಟ್ಟು ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ನನಗೂ ಒಂದು ಬಕೆಟ್ ತೋರಿಸಿ, "ಏನ್ಮಾಡೋದು ಬೀಗಿತ್ತಿಯವ್ರೇ, ಮಗು ಬರ್ದಿದೆಯಲ್ಲ, ಕೇಳ್ಬೇಕು" ಎಂದಳು. ನಾನು ನಿಂತೇ ಇದ್ದೆ.

ನಮ್ಮ ಮನೆಯಲ್ಲಿ ಏಕೆ ಬರೆಯುವುದಿಲ್ಲವೆಂದು ದಾರಿಯಲ್ಲಿ ಕೇಳಿದೆ. "ನೀನು ಓದಲ್ಲ ಅಜ್ಜಿ, ತಪ್ಪು ಹುಡುಕ್ತೀಯ" ಎಂದಳು. ಆರು ವರ್ಷದ ಬಾಯಿ, ನೋಡು. ಅಂದು ನನಗೆ ಊಟ ಸೇರಲಿಲ್ಲ. ಜ್ವರ ಬಂದರೆ ಎದ್ದು ಕೂರುವವಳು ನಾನು, ತಲೆ ಬಾಚುವವಳು ನಾನು; ಅಕ್ಷರ ಮಾತ್ರ ಆ ಬೀಗಿತ್ತಿಯ ಪಾಲಿಗೆ.

ಸೋಮವಾರ, ಬುರುಡೆಗಳಿಗೆ ಹೆಸರು ಬರೆಯುವ, ಸಕ್ಕರೆಯ ಐಸಿಂಗ್ ತುಂಬಿದ ಕಾಗದದ ಪೊಟ್ಟಣವನ್ನು ಮಗುವಿನ ಕೈಗಿತ್ತೆ. ನಿನಗೂ ಅದನ್ನು ಮುಟ್ಟಗೊಟ್ಟವಳಲ್ಲ. "ನಿನಗಿಷ್ಟವಾದವರ ಹೆಸರು ಬರಿ" ಎಂದೆ ಅವಳಿಗೆ. ನನ್ನ ಹೆಸರು ಬರುತ್ತದೆಂದು ಕಾದೆ, ಸುಳ್ಳೇಕೆ ಹೇಳಲಿ. ಎಲ್ಲಕ್ಕಿಂತ ದೊಡ್ಡ ಬುರುಡೆಯನ್ನು ಎಳೆದುಕೊಂಡು, ನಾಲಗೆ ಕಚ್ಚಿ ಬರೆದಳು: ಫಿದೆನ್ಸಿಯಾ. ಹಣೆ ಸಾಲದೆ ಕೊನೆಯಕ್ಷರ ಕೆನ್ನೆಗೆ ಜಾರಿತು. ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು. ಒರೆಸಲಿಲ್ಲ. ಗಟ್ಟಿಯಾಗಿ ಓದಿದೆ, ಅಷ್ಟೇ. ಆಮೇಲೆ ಅವಳು ಇಡೀ ತಟ್ಟೆಯ ಬುರುಡೆಗಳಿಗೆ ಹೆಸರು ಬರೆದು ಮುಗಿಸಿದಳು. ಆ ದೊಡ್ಡದನ್ನು ನಮ್ಮ ಅಂಗಡಿಯ ಮುಂದಿನ ಸಾಲಿಗೇ ಇಟ್ಟಿದ್ದೇನೆ.

ದೇವರು ನಿನ್ನ ಬೆನ್ನನ್ನೂ ಬುದ್ಧಿಯನ್ನೂ ನೆಟ್ಟಗಿಡಲಿ.

ನಿನ್ನ ತಾಯಿ,
ಎರ್ಮೆಲಿಂದಾ

ಮರೆತಿದ್ದೆ: ಇಂದು ಬೆಳಿಗ್ಗೆ ನಮ್ಮ ಬೀದಿಬಾಗಿಲಿಗೂ ಒಂದು ಚೀಟಿ ಬಂದಿದೆ. "ಅಜ್ಜಿಗೆ ಕೋಪ ಬಂದಿದೆ. ಮೆಲ್ಲಗೆ ತಟ್ಟಿ." ನಿನ್ನ ಅತ್ತೆ ಬಂದು ಮೆಲ್ಲಗೇ ತಟ್ಟಿದಳು. ಸ್ವಲ್ಪ ಹೊತ್ತು ಕಾಯಿಸಿ ತೆರೆದೆ. ಚೀಟಿ ಗಾಳಿಗೆ ಹಾರುವಂತಿತ್ತು. ನಾನೇ ಮೊಳೆ ಹೊಡೆದಿದ್ದೇನೆ.