ಅಕ್ಕನ ಕಾಲಿಗಷ್ಟೇ ಹಾಡುವ ನೆಲ

ಪ್ರಯೋಗಾಲಯ,
ಮಂಗಳವಾರ ಮಧ್ಯಾಹ್ನ

ನನ್ನ ಮುಂಗೋಪಿ ಅಕ್ಕನಿಗೆ,

ತಂಗಿಯ ಪ್ರೀತಿ. ನೀನು ಮತ್ತೆ ಮತ್ತೆ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬಾಯಿ ಮುಚ್ಚದವಳೆಂದು ನೀನೇ ಹೆಸರಿಟ್ಟ ಈ ರೇಡಿಯೊಗೂ ಸಿಟ್ಟು ಬರುತ್ತದಾ ಎಂದು ಅಮ್ಮನನ್ನು ಕೇಳಿದೆಯಂತೆ. ಬಂದರೆ ಬರಲಿ ಬಿಡು, ಸಿಟ್ಟೇನು ನಿನ್ನೊಬ್ಬಳ ಸ್ವತ್ತೇ?

ವಿಷಯಕ್ಕೆ ಬರುತ್ತೇನೆ. ನಮ್ಮ ಹಾಡುವ ನೆಲವನ್ನು ಶುಕ್ರವಾರ ಕಿತ್ತುಹಾಕುತ್ತಾರೆ. ಸಂಶೋಧನೆಯ ಅವಧಿ ಮುಗಿಯಿತು, ಕೋಣೆ ಬೇರೆಯವರಿಗೆ ಬೇಕು ಎಂದರು ಮುಖ್ಯಸ್ಥೆ. ಆ ಹಲಗೆಗಳ ಮೇಲೆ ನೀನು ಕುಣಿದರೆ ನನ್ನ ಕಂಠ ಹಾಡಬೇಕೆಂದು ಇಬ್ಬರೂ ಎಷ್ಟು ಒದ್ದಾಡಿದ್ದೆವು! ನಾನು ಗಾಜಿನ ಕೋಣೆಯಲ್ಲಿ ಕೂತು ಒಂದೊಂದೇ ಸ್ವರ ಹಾಡಿ ಕಂಪ್ಯೂಟರಿಗೆ ತುಂಬಿದೆ. ನೀನು ಬೆವರು ಸುರಿಸಿ ಅದಕ್ಕೆ ನಿನ್ನ ಹೆಜ್ಜೆ ಕಲಿಸಿದೆ. ನೀನು ಹೊಸದಾಗಿ ಕುಣಿದಾಗಲೆಲ್ಲ ಅದು ಆ ಸ್ವರಗಳಿಂದಲೇ ಹೊಸ ಹಾಡು ಕಟ್ಟುತ್ತಿತ್ತು. ಬೇರೆಯವರ ಹೆಜ್ಜೆಯನ್ನೂ ಕಲಿಸೋಣ ಎಂದು ಎಂಜಿನಿಯರ್ ಬಡಕೊಂಡರು. ನಾವಿಬ್ರು ಇರೋವಾಗ ಬೇರೆಯವ್ರು ಯಾಕೆ ಎಂದು ನೀನು ನಕ್ಕೆ, ನಾನೂ ನಕ್ಕೆ.

ಪ್ರದರ್ಶನದ ದಿನ ಜನ ಯಂತ್ರವನ್ನು ಹೊಗಳಿದರು, ನಿನ್ನ ಹೆಸರೆತ್ತಲಿಲ್ಲ. ನಾನೇನು ನಿನ್ ಮಷೀನಿನ ಗುಂಡೀನಾ ಎಂದು ಕೂಗಿ, ಕಾಲಿನ ಸೆನ್ಸರ್ ಪಟ್ಟಿ ಬಿಚ್ಚಿ ಎಸೆದು ಹೋದೆ. ನಿನ್ನ ಮಾತಿನಲ್ಲಿ ತಪ್ಪೇನಿರಲಿಲ್ಲ.

ಈಗ ತಂಡದ ಹುಡುಗಿಯರೆಲ್ಲ ಕುಣಿದು ನೋಡಿದರು. ನೆಲ ನೆಗಡಿಯಾದವರ ಹಾಗೆ ಗೊರಗೊರ ಎಂದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕು! ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದಾಗಿನಿಂದ ನಿನ್ನ ಎಡ ಹಿಮ್ಮಡಿ ಒಂಚೂರು ತಡವಾಗಿ ಊರುತ್ತದಲ್ಲ, ಆ ತಡಕ್ಕೇ ಅದು ಬಾಯಿ ತೆರೆಯುವುದು. ನಿನ್ನೆ ನಾನೇ ಪಟ್ಟಿ ಕಟ್ಟಿಕೊಂಡು, ನಿನ್ನ ಹಾಗೇ ಕಾಲೆಳೆದು ಕೋಣೆಯೆಲ್ಲ ಸುತ್ತಿದೆ. ನೆಲದಿಂದ ಬರೀ ಉಸಿರು ಬಂತು. ಎಂಜಿನಿಯರ್ ಮುಖ ತಿರುಗಿಸಿಕೊಂಡರು. ನಾನು ಹಲಗೆಯ ಮೇಲೇ ಕೂತು ಅತ್ತುಬಿಟ್ಟೆ.

ಹಾಡಿದ್ದೆಲ್ಲ ರೆಕಾರ್ಡಿನಲ್ಲಿದೆಯಲ್ಲ, ಸಾಲದೇ ಎನ್ನುತ್ತೀಯ. ಅಕ್ಕಾ, ಅದರಲ್ಲಿ ಹಾಡಿದ್ದನ್ನೇ ಹಾಡುತ್ತೇನೆ. ನಾನು ಇನ್ನೂ ಹಾಡದೇ ಇರುವುದು ನಿನ್ನ ಕಾಲಡಿಯಲ್ಲಿ ಮಾತ್ರ ಸಿಗುತ್ತದೆ.

ಗುರುವಾರ ಬಾ. ಒಂದೇ ಒಂದು ಸಲ ಕುಣಿ. ಜನ ಬೇಡ, ನಾನೊಬ್ಬಳೇ ಮೂಲೆಯಲ್ಲಿ ಕೂತಿರುತ್ತೇನೆ. ಬೈಯಬೇಕಿದ್ದರೆ ಕುಣಿದ ಮೇಲೆ ಮನಸಾರೆ ಬೈ. ತಿರುಗಿ ಒಂದು ಮಾತೂ ಆಡುವುದಿಲ್ಲ.

ದಾರಿ ಕಾಯುತ್ತಿರುವ
ನಿನ್ನ ರೇಡಿಯೊ

ತಾ.ಕ.: ಅಮ್ಮನ ಮೇಲೆ ಹರಿಹಾಯಬೇಡ, ಹೇಳಕೂಡದೆಂದು ಆಣೆ ಹಾಕಿಸಿಕೊಂಡವಳು ನಾನೇ. ನೀನು ಹೋದ ಮೇಲೆ ನನ್ನ ಗಂಟಲಿನಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನಿನ್ನ ಹೆಸರು ಫೋನಿನಲ್ಲಿ ಕಂಡಾಗಲೆಲ್ಲ ಎತ್ತಲು ಕೈ ಹೋಗುತ್ತಿತ್ತು. ಎತ್ತಿದ್ದರೆ ನಿನಗೂ ಬರೀ ಉಸಿರೇ ಕೇಳಿಸುತ್ತಿತ್ತು.