ಮೂಲೆ ಹರಿದ ಪತ್ರ

ಲಕ್ಷ್ಮೇಶ್ವರ
ತಾ. ೧೨-೨-೧೯೭೮, ರವಿವಾರ

ಪ್ರೀತಿಯ ತಮ್ಮ ಅನಂತನಿಗೆ ಅಕ್ಕ ಸುಂದರಾಬಾಯಿಯ ಆಶೀರ್ವಾದಗಳು.

ನಾನೂ ಅವ್ವನೂ ಕ್ಷೇಮ. ನಿನ್ನ ಕ್ಷೇಮವನ್ನು ಮಾತ್ರ ನಾವೇ ಊಹಿಸಿಕೊಳ್ಳಬೇಕು, ಯಾಕೆಂದರೆ ಪತ್ರದ ತುಂಬ ನೀನು ಬರೆದದ್ದು ಕೊಕ್ಕರೆಗಳ ಕ್ಷೇಮ. ಕೆಮ್ಮು ಹೋಯಿತೇ? ಸಮುದ್ರದ ಗಾಳಿಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ರೊಟ್ಟಿ ಸಿಗುತ್ತದೋ, ಮೂರು ಹೊತ್ತೂ ಅನ್ನವೇ ಗತಿಯೋ?

ಈಗ ನಿನ್ನನ್ನು ಬೈಯುವುದಿದೆ. ಅಂತರ್ದೇಶಿ ಪತ್ರದೊಳಗೆ ಏನನ್ನೂ ಇಡಬಾರದು ಎಂದು ಅಚ್ಚು ಹಾಕಿರುವುದು ನಿನ್ನಂಥವರಿಗಾಗಿಯೇ. ನೀನು ಕೊಕ್ಕರೆಯ ಗರಿ ಇಟ್ಟು ಅಂಟಿಸಿ ಕಳಿಸಿದೆ. ಗರಿಯ ದಂಟು ಚುಚ್ಚಿ, ದಾರಿಯಲ್ಲಿ ಎಲ್ಲೋ ಪತ್ರದ ಒಂದು ಮೂಲೆಯೇ ಹರಿದುಹೋಗಿದೆ. ಮೂಲೆ ಹರಿದ ಪತ್ರವೆಂದರೆ ನಮ್ಮಲ್ಲಿ ಸಾವಿನ ಸುದ್ದಿ ಎಂಬುದನ್ನು ಉಪ್ಪು ತೂಗುತ್ತ ಮರೆತುಬಿಟ್ಟೆಯಾ? ಟಪಾಲಿನ ನಬಿಸಾಬ ಮೊನ್ನೆ ಶುಕ್ರವಾರ ಅಂಗಳದಲ್ಲೇ ನಿಂತು, "ನಾ ಹರದಿಲ್ರಿ ಬಾಯಾರ, ಬಂದದ್ದ ಹಿಂಗ ಐತ್ರಿ" ಎಂದು ತಲೆ ತಗ್ಗಿಸಿದ.

ಅಪ್ಪ ಬಿಟ್ಟುಹೋದ ಗುಡಿಯ ಪೂಜೆಯ ಪಾಳಿಯನ್ನು ಕಾಕಾನ ಮಗನಿಗೆ ಬಿಟ್ಟು ನೀನು ಕುಮಟೆಯ ಕಡೆ ಉಪ್ಪಿನ ಆಗರದ ನೌಕರಿಗೆ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಎತ್ತಗೊಡದ ಅವ್ವ, ಆ ಹರಿದ ಮೂಲೆ ನೋಡಿದ್ದೇ ತಡ, "ನನ್ನ ಅನಂತಾ!" ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ವಿಳಾಸದ ಅಕ್ಷರ ಅವನದೇ, ಸತ್ತವರು ವಿಳಾಸ ಬರೆಯುತ್ತಾರೆಯೇ ಎಂದು ನಾನು ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ. ಪತ್ರ ಒಡೆಯುವ ಮೊದಲೇ ಎರಡು ಕೊಡ ತಣ್ಣೀರು ತಲೆಯ ಮೇಲೆ ಸುರುವಿಕೊಂಡಳು. ಖರೆ ಹೇಳುತ್ತೇನೆ, ಒಡೆದವಳೇ ನಾನೂ ಮೊದಲು ಕೆಳಗಿನ ನಿನ್ನ ಸಹಿ ಹುಡುಕಿದೆ.

ಒದ್ದೆ ಸೀರೆಯಲ್ಲೇ ಕೂತು ಅವ್ವ ನಿನ್ನ ಕೊಕ್ಕರೆಗಳ ವರ್ಣನೆ ಕೇಳಿದಳು. ನೀವು ಗಜನಿ ಎನ್ನುವ ಆ ಉಪ್ಪುನೀರಿನ ಗದ್ದೆಗೆ ಚಳಿಗಾಲದಲ್ಲಿ ಅವು ಹಿಂಡುಗಟ್ಟಿ ಬರುವುದು, ಆಳಿನ ಸೊಂಟದವರೆಗಿನ ಎತ್ತರ, ಹಳದಿ ಕೊಕ್ಕು, ಬೆನ್ನ ಹಿಂದೆ ಕುಂಕುಮ ಚೆಲ್ಲಿದಂಥ ಗರಿ. ನಮ್ಮ ಮಾಗಡಿ ಕೆರೆಯ ಬಾತುಗಳು ಅವುಗಳ ಮೊಣಕಾಲಿಗೂ ಬರುವುದಿಲ್ಲ ಎಂದದ್ದನ್ನು ಮಾತ್ರ ನಾನು ನಂಬಲಿಲ್ಲ. ಅವ್ವ ಎಲ್ಲ ಕೇಳಿ, "ಕೊಕ್ಕರಿ ಕಾಲ ಎಷ್ಟುದ್ದ ಅಂತ ಬರದಾನ, ತಾ ಸೊರಗ್ಯಾನೋ ಇಲ್ಲೋ ಬರದಿಲ್ಲ ನೋಡು" ಎಂದಳು. ನೀನು ಬದುಕಿರುವುದು ಖಾತ್ರಿಯಾದ ಮೇಲೆ ಮತ್ತೆ ಮುಖ ಬಿಗಿದುಕೊಂಡಳು. ಅಷ್ಟು ಅತ್ತದ್ದಕ್ಕೆ ನಾಚಿಕೆ, ಬೇರೇನಲ್ಲ. ಸಂಜೆ ದೀಪ ಹಚ್ಚಿದ ಮೇಲೆ, "ಹಕ್ಕೀದಷ್ಟ ಓದು" ಎಂದಳು. ನಿನ್ನೆ ಎರಡು ಸಲ ಓದಿಸಿದಳು. ಇವತ್ತು ಆಗಲೇ ಒಮ್ಮೆ ಆಯಿತು.

ನಿಮ್ಮಿಬ್ಬರ ಹಟದ ನಡುವೆ ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ತಪ್ಪು. ಅಂದು ಆ ಸುದ್ದಿ ಖರೆಯಾಗಿದ್ದರೆ ನಾನು ಅವಳಿಗೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ಸುಂದರಾ

ತಾ.ಕ.: ಇದನ್ನು ಅಂಟಿಸುವಷ್ಟರಲ್ಲಿ ಅವ್ವ ಒಳಗಿನಿಂದ, "ಆ ಹಕ್ಕಿ ಎಂದ ಹೋಗ್ತಾವಂತ?" ಎಂದು ಕೇಳಿದಳು. ನೀನು ಅದನ್ನು ಬರೆದಿಲ್ಲ. "ಇದೇ ವಾರ ಹೊಂಟಾವಂತ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಟ್ರಂಕು ಇಳಿಸಿ ಸೀರೆ ತುಂಬುತ್ತಿದ್ದಾಳೆ. ಹಕ್ಕಿ ನೋಡಲಿಕ್ಕಂತೆ, ನಿನ್ನನ್ನಲ್ಲವಂತೆ. ಶುಕ್ರವಾರ ಸಂಜೆ ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತೇವೆ. ಹಕ್ಕಿಗಳು ಆಗಲೇ ಹಾರಿಹೋಗಿದ್ದರೆ ಪತ್ರ ಬರೆಯಬೇಡ, ತಂತಿಯನ್ನೂ ಕೊಡಬೇಡ. ಸುಮ್ಮನೆ ಬಂದು ನಿಲ್ಲು.